ಸ್ಟಾಪ್ ಮಾಡಿದ ಮೇಲೂ ಮೋಟರ್ ತಿರುಗುತ್ತದೆ, ಟೆಂಪರೇಚರ್ ರೀಡಿಂಗ್ ಕುಣಿಯುತ್ತದೆ: ಲ್ಯಾಬ್‌ವ್ಯೂ, ಯುಎಸ್‌ಬಿ-6009, ಎಲ್298ಎನ್

ತಿರುಗಣೆ

ಎಲ್ಲರಿಗೂ ನಮಸ್ಕಾರ. ಲ್ಯಾಬ್‌ವ್ಯೂನಲ್ಲಿ (ವೈರ್ ಎಳೆದು ಚಿತ್ರದಂತೆ ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರ್) ಮೋಟರ್ ಓಡಿಸುತ್ತಿದ್ದೇನೆ. ಮೊದಲು ಸೆಟಪ್ ಹೇಳಿಬಿಡುತ್ತೇನೆ.

12 ವೋಲ್ಟ್ ಡಿಸಿ ಗೇರ್ ಮೋಟರ್, ಗೇರ್ 34:1. ಹಿಂಬದಿ ಶಾಫ್ಟ್‌ನಲ್ಲಿ ಸುತ್ತಿಗೆ 11 ಪಲ್ಸ್ ಕೊಡುವ ಎರಡು ಚಾನೆಲ್ ಹಾಲ್ ಎನ್‌ಕೋಡರ್ (ಸುತ್ತು ಅಳೆಯುವ ಸೆನ್ಸರ್). ಮೋಟರ್‌ಗೆ ಕರೆಂಟ್ ಕೊಡುವ ಡ್ರೈವರ್ ಎಲ್298ಎನ್ ಮಾಡ್ಯೂಲ್. ಡಿಎಕ್ಯು (ಕಂಪ್ಯೂಟರ್‌ಗಾಗಿ ಸಿಗ್ನಲ್ ಓದುವ, ಬರೆಯುವ ಬೋರ್ಡ್) ಯುಎಸ್‌ಬಿ-6009. ಮೋಟರ್ ಮೈಗೆ ಅಂಟಿಸಿದ ಎಲ್‌ಎಂ35 ಟೆಂಪರೇಚರ್ ಸೆನ್ಸರ್ ಅನಲಾಗ್ ಇನ್‌ಪುಟ್ ಎಐ0ಗೆ, ವೇಗ ಹೊಂದಿಸಲು 10 ಕಿಲೋಓಮ್ ಪಾಟ್ (ತಿರುಗಿಸುವ ರೆಸಿಸ್ಟರ್) ಎಐ1ಕ್ಕೆ, ಎರಡೂ ಆರ್‌ಎಸ್‌ಇ ಮೋಡ್ (ಗ್ರೌಂಡ್‌ಗೆ ಹೋಲಿಸಿ ಅಳೆಯುವುದು). ಡಿಜಿಟಲ್ ಪಿನ್ ಪಿ0.0 ಡ್ರೈವರ್‌ನ ಇಎನ್‌ಎಗೆ (ಓಡು, ನಿಲ್ಲು), ಪಿ0.1 ಐಎನ್1ಕ್ಕೆ (ದಿಕ್ಕು). ಎನ್‌ಕೋಡರ್‌ನ ಎ ಚಾನೆಲ್ ಪಿಎಫ್‌ಐ0ಗೆ (ಡಿಎಕ್ಯುನ ಕೌಂಟರ್ ಪಿನ್).

ಪ್ರೋಗ್ರಾಂ ಒಂದೇ ವೈಲ್ ಲೂಪ್. ಅದರೊಳಗೇ ಡಿಎಕ್ಯು ಅಸಿಸ್ಟೆಂಟ್, ಅದರೊಳಗೇ ಪಿಡಬ್ಲ್ಯೂಎಂ (ಪಿನ್ ಬೇಗಬೇಗ ಆನ್-ಆಫ್ ಮಾಡಿ ವೇಗ ಹೊಂದಿಸುವುದು): ಪಿ0.0 ಅನ್ನು 7 ಮಿಲಿಸೆಕೆಂಡ್ ಹೈ, 3 ಮಿಲಿಸೆಕೆಂಡ್ ಲೋ ಮಾಡುತ್ತಿದ್ದೇನೆ.

ತೊಂದರೆ ನಾಲ್ಕು. ಟೂಲ್‌ಬಾರ್‌ನ ಕೆಂಪು ಬಟನ್ ಒತ್ತಿದರೆ ಮೋಟರ್ ಕೆಲವು ಸಲ ನಿಲ್ಲುತ್ತದೆ, ಹೆಚ್ಚಿನ ಸಲ ಪೂರ್ತಿ ವೇಗಕ್ಕೆ ಏರುತ್ತದೆ. ಪ್ರೋಗ್ರಾಂ ಶುರು ಮಾಡುವ ಮೊದಲೇ, ಯುಎಸ್‌ಬಿ ಚುಚ್ಚಿದೊಡನೆ ಮೋಟರ್ ತಿರುಗುತ್ತದೆ. ಮೋಟರ್ ಓಡುವಾಗ ಟೆಂಪರೇಚರ್ 2 ಡಿಗ್ರಿ ಮೇಲೆ ಕೆಳಗೆ ಹಾರುತ್ತದೆ, ನಿಂತರೆ ಸ್ಥಿರ. ವೇಗದ ಸಂಖ್ಯೆ ನಿಮಿಷಕ್ಕೆ 16 ಸುತ್ತಿನ ಹೆಜ್ಜೆಯಲ್ಲಿ ಜಿಗಿಯುತ್ತದೆ. ಎಲ್‌ಎಂ35 ಬದಲಿಸಿ ನೋಡಿದೆ, ಅದೇ ಹಾಡು. ಬೋರ್ಡ್ ಕೆಟ್ಟಿದೆಯೇ?

ಹಳದಿವೈರ್

ಬೋರ್ಡ್ ಕೆಟ್ಟಿಲ್ಲ. ಹೇಳಿದ ಕೆಲಸವನ್ನೇ ಮಾಡುತ್ತಿದೆ.

ಕೆಂಪು ಬಟನ್ ಎಂದರೆ ಅಬಾರ್ಟ್. ಅದು ಲೂಪ್ ಮುಗಿಯಲು ಕಾಯುವುದಿಲ್ಲ, ಲೂಪ್ ಆಚೆ ನೀವು ಬರೆದಿಟ್ಟ ಯಾವುದನ್ನೂ ಓಡಿಸುವುದಿಲ್ಲ. ಡಿಎಕ್ಯು ಟಾಸ್ಕ್ (ಬೋರ್ಡಿಗೆ ಒಪ್ಪಿಸಿದ ಕೆಲಸ) ಅಳಿಸಿಹೋಗುತ್ತದೆ, ಆದರೆ ಟಾಸ್ಕ್ ಅಳಿದರೆ ಪಿನ್ ಸೊನ್ನೆಗೆ ಬರುತ್ತದೆ ಎನ್ನುವುದು ತಪ್ಪು ಕಲ್ಪನೆ. ಡಿಜಿಟಲ್ ಔಟ್‌ಪುಟ್ ಆಗಲಿ ಅನಲಾಗ್ ಔಟ್‌ಪುಟ್ ಆಗಲಿ, ಕೊನೆಗೆ ಬರೆದ ಬೆಲೆಯನ್ನೇ ಹಿಡಿದುಕೊಂಡು ಕೂರುತ್ತದೆ. ನಿಮ್ಮದು 7 ಹೈ, 3 ಲೋ. ಅಬಾರ್ಟ್ ಒತ್ತಿದ ಗಳಿಗೆಯಲ್ಲಿ ಪಿನ್ ಹೈ ಇರುವ ಸಂಭವ ಹತ್ತಕ್ಕೆ ಏಳು. ಹೈ ಇದ್ದಾಗ ಸಿಕ್ಕಿಬಿದ್ದರೆ ಶೇ 70 ಹೋಗಿ ಶೇ 100 ಆಯಿತು, ಮೋಟರ್ ಪೂರ್ತಿ ವೇಗಕ್ಕೆ ಏರಿತು. ಲೋ ಇದ್ದಾಗ ಸಿಕ್ಕಿದರೆ ನಿಂತಿತು.

ಮಾಡಬೇಕಾದ್ದು:

ಫ್ರಂಟ್ ಪ್ಯಾನಲ್ ಮೇಲೆ ನಿಮ್ಮದೇ ಸ್ಟಾಪ್ ಬಟನ್ ಇಟ್ಟು ಲೂಪ್‌ನ ಕಂಡಿಷನ್ ಟರ್ಮಿನಲ್‌ಗೆ ಜೋಡಿಸಿ. ಎರರ್ ಬಂದರೂ ಲೂಪ್ ನಿಲ್ಲುವಂತೆ ಎರರ್ ಸ್ಟೇಟಸ್ ಜೊತೆ ಆರ್ (ಎರಡರಲ್ಲಿ ಒಂದು ನಿಜವಾದರೂ ಸಾಕು) ಮಾಡಿ. ಲೂಪ್ ಆಚೆ ಪಿ0.0ಗೆ ಫಾಲ್ಸ್ ಬರೆಯಿರಿ, ಆಮೇಲೆ ಕ್ಲಿಯರ್ ಟಾಸ್ಕ್. ವಿಐ (ಲ್ಯಾಬ್‌ವ್ಯೂ ಪ್ರೋಗ್ರಾಂ) ಪ್ರಾಪರ್ಟೀಸ್, ವಿಂಡೋ ಅಪಿಯರೆನ್ಸ್, ಕಸ್ಟಮೈಸ್ ಒಳಗೆ ಹೋಗಿ ಅಬಾರ್ಟ್ ಬಟನ್ ತೋರಿಸುವ ಗುರುತನ್ನು ತೆಗೆದುಹಾಕಿ.

ಇಲ್ಲೇ ಹಲವರು ಜಾರುವ ಜಾಗ ಇದೆ. ಲ್ಯಾಬ್‌ವ್ಯೂ 1986ರಲ್ಲಿ ಮ್ಯಾಕಿಂಟಾಷ್‌ಗೆ ಬಂದಾಗಿನಿಂದ ಇರುವ ನಿಯಮ: ಬೇಕಾದ ಡೇಟಾ ಎಲ್ಲ ವೈರ್‌ನಲ್ಲಿ ಬಂದು ಸೇರಿದ ಮೇಲೆ ನೋಡ್ ಓಡುತ್ತದೆ. ಹಾಗಾಗಿ ಎರರ್ ವೈರ್ ಹಿಡಿದು ಕ್ರಮ ಜೋಡಿಸುವುದು ಎಲ್ಲರಿಗೂ ಅಭ್ಯಾಸ. ಆದರೆ ಡಿಎಕ್ಯುಎಂಎಕ್ಸ್ (ಡಿಎಕ್ಯು ನಡೆಸುವ ಸಾಫ್ಟ್‌ವೇರ್) ರೈಟ್‌ಗೆ ಒಳಬರುವ ವೈರ್‌ನಲ್ಲಿ ಆಗಲೇ ಎರರ್ ಇದ್ದರೆ ಅದು ಏನನ್ನೂ ಬರೆಯುವುದಿಲ್ಲ, ಎರರ್ ಅನ್ನು ಮುಂದಕ್ಕೆ ದಾಟಿಸಿ ಸುಮ್ಮನಾಗುತ್ತದೆ. ಕ್ಲಿಯರ್ ಟಾಸ್ಕ್ ಮಾತ್ರ ಎರರ್ ಇದ್ದರೂ ಓಡುತ್ತದೆ. ಅಂದರೆ ರೀಡ್‌ನಲ್ಲಿ ಎರರ್ ಬಂದು ಲೂಪ್ ನಿಂತಾಗ, ಸೊನ್ನೆ ಬರೆಯುವ ಸಾಲು ಓಡದೆ ಟಾಸ್ಕ್ ಅಳಿಯುತ್ತದೆ, ಮೋಟರ್ ಓಡುತ್ತಲೇ ಇರುತ್ತದೆ. ಸೊನ್ನೆ ಬರೆಯಲೇಬೇಕಾದ ಹೊತ್ತಿನಲ್ಲೇ ಅದು ಕೈಕೊಡುತ್ತದೆ.

ಪರಿಹಾರ: ಸೊನ್ನೆ ಬರೆಯುವ ರೈಟ್‌ಗೆ ಲೂಪ್‌ನಿಂದ ಬಂದ ಎರರ್ ವೈರ್ ಕೊಡಬೇಡಿ. ಟಾಸ್ಕ್ ವೈರ್ ಮಾತ್ರ ಕೊಡಿ, ಎರರ್ ಇನ್ ಖಾಲಿ ಬಿಡಿ. ಹೊರಬಂದ ಎರರನ್ನು ಹಳೆಯದರ ಜೊತೆ ಮರ್ಜ್ ಎರರ್ಸ್‌ಗೆ ಸೇರಿಸಿ, ಅದರ ನಂತರ ಕ್ಲಿಯರ್.

ನೆಲತಂತಿ

ಎರಡನೇ ತೊಂದರೆಗೆ ಒಂದು ಪ್ರಶ್ನೆ. ಯುಎಸ್‌ಬಿ-6009ರ ಡಿಜಿಟಲ್ ಪಿನ್‌ಗಳೆಲ್ಲ ಪವರ್ ಬಂದಾಗ ಇನ್‌ಪುಟ್ ಆಗಿ ಏಳುತ್ತವೆ, ಪ್ರತಿಯೊಂದಕ್ಕೂ ಒಳಗೆ 5 ವೋಲ್ಟ್‌ಗೆ 4.7 ಕಿಲೋಓಮ್ ಪುಲ್‌ಅಪ್ (ಪಿನ್ನನ್ನು ಹೈಗೆ ಎಳೆಯುವ ರೆಸಿಸ್ಟರ್) ಇದೆ. ಹಾಗಾಗಿ ಇಎನ್‌ಎ ಹೈ ಆಗುವುದು ಸರಿಯೇ. ಆದರೆ ಐಎನ್1, ಐಎನ್2 ಎರಡೂ ಹೈ ಆದರೆ ಎಲ್298 ಬ್ರೇಕ್ ಹಾಕುತ್ತದೆ, ತಿರುಗಬಾರದು. ಐಎನ್2ಕ್ಕೆ ಏನು ಜೋಡಿಸಿದ್ದೀರಿ? ಮೊದಲ ಪೋಸ್ಟ್‌ನಲ್ಲಿ ಅದರ ಸುದ್ದಿಯೇ ಇಲ್ಲ.

ತಿರುಗಣೆ

ಒಂದು ಪಿನ್ ಉಳಿಸೋಣ ಎಂದು ಪಿ0.1 ಅನ್ನೇ 74ಎಚ್‌ಸಿ04 ಇನ್ವರ್ಟರ್ (ಹೈ ಅನ್ನು ಲೋ, ಲೋ ಅನ್ನು ಹೈ ಮಾಡುವ ಚಿಪ್) ಮೂಲಕ ಐಎನ್2ಕ್ಕೆ ಕೊಟ್ಟಿದ್ದೇನೆ ಸರ್.

ನೆಲತಂತಿ

ಸಿಕ್ಕಿತು. ಪುಲ್‌ಅಪ್‌ನಿಂದ ಇಎನ್‌ಎ ಹೈ, ಐಎನ್1 ಹೈ, ಇನ್ವರ್ಟರ್ ದೆಸೆಯಿಂದ ಐಎನ್2 ಲೋ. ಎಲ್298ಗೆ ಇದು ಪೂರ್ತಿ ವೇಗದಲ್ಲಿ ಮುಂದಕ್ಕೆ ಎಂಬ ಆಜ್ಞೆ.

ಇಎನ್‌ಎ ಪಿನ್‌ನಿಂದ ಗ್ರೌಂಡ್‌ಗೆ 1 ಕಿಲೋಓಮ್ ಹಾಕಿ. 4.7 ಮತ್ತು 1ರ ನಡುವೆ 5 ವೋಲ್ಟ್ ಹಂಚಿಹೋಗಿ ಪಿನ್ ಮೇಲೆ 0.88 ವೋಲ್ಟ್ ನಿಲ್ಲುತ್ತದೆ. ಎಲ್298 1.5 ವೋಲ್ಟ್‌ವರೆಗೂ ಲೋ ಎಂದೇ ಓದುತ್ತದೆ, ಮೋಟರ್ ಮಲಗಿರುತ್ತದೆ. 2.2 ಕಿಲೋಓಮ್ ಹಾಕಿದರೆ 1.59 ವೋಲ್ಟ್, ಅದು ಸಾಲದು. ಮಾಡ್ಯೂಲ್‌ನಲ್ಲಿ ಇಎನ್‌ಎ ಮೇಲೆ ಜಂಪರ್ ಇದ್ದರೆ ತೆಗೆಯುವುದನ್ನು ಮರೆಯಬೇಡಿ. ಅದು ಪಿನ್ನನ್ನು ನೇರ 5 ವೋಲ್ಟ್‌ಗೆ ಕಟ್ಟುತ್ತದೆ, ನಿಮ್ಮ ಪುಲ್‌ಡೌನ್‌ಗೆ ಬೆಲೆಯೇ ಇರುವುದಿಲ್ಲ.

ಇನ್ನೊಂದು. ಈ ಪಿನ್‌ಗಳು ಓಪನ್ ಕಲೆಕ್ಟರ್ (ಲೋಗೆ ಮಾತ್ರ ತಾನೇ ಎಳೆಯುವ ಬಗೆ) ಆಗಿದ್ದಾಗ ಹೈ ಬರುವುದು ಅದೇ 4.7 ಕಿಲೋಓಮ್ ಮೂಲಕ. 1 ಕಿಲೋಓಮ್ ಪುಲ್‌ಡೌನ್ ಇಟ್ಟರೆ ಟ್ರೂ ಬರೆದರೂ 0.88 ವೋಲ್ಟ್ ದಾಟುವುದಿಲ್ಲ. ಆದ್ದರಿಂದ ಡಿಎಕ್ಯುಎಂಎಕ್ಸ್ ಚಾನೆಲ್ ಪ್ರಾಪರ್ಟಿ ನೋಡ್‌ನಲ್ಲಿ ಔಟ್‌ಪುಟ್ ಡ್ರೈವ್ ಟೈಪ್ ಅನ್ನು ಆಕ್ಟಿವ್ ಡ್ರೈವ್ (ಹೈ, ಲೋ ಎರಡನ್ನೂ ಪಿನ್ನೇ ಕೊಡುವ ಬಗೆ) ಮಾಡಿ. 6009ರಲ್ಲಿ ಇದನ್ನು ಪಿನ್‌ವಾರು ಬದಲಿಸಬಹುದು.

ಅರ್ಧಸೇತುವೆ

ನೆಲತಂತಿಯವರು ಹೇಳಿದ್ದು ಸರಿ, ಬಾಲಂಗೋಚಿಯಾಗಿ ಒಂದು ಎಚ್ಚರಿಕೆ. ಆಕ್ಟಿವ್ ಡ್ರೈವ್‌ನಲ್ಲಿ 6009ರ ಹೈ ಹೆಚ್ಚೆಂದರೆ 3.5 ವೋಲ್ಟ್. ಎಲ್298ಗೆ 2.3 ವೋಲ್ಟ್ ಸಾಕು. ಆದರೆ 5 ವೋಲ್ಟ್‌ನಲ್ಲಿ ಓಡುವ 74ಎಚ್‌ಸಿ ಜಾತಿಯ ಚಿಪ್ ಹೈ ಎಂದು ಒಪ್ಪಬೇಕಾದರೆ 3.5 ವೋಲ್ಟ್ ಬೇಕೇ ಬೇಕು. ಪಿ0.1 ಅನ್ನೂ ಆಕ್ಟಿವ್ ಡ್ರೈವ್‌ಗೆ ಬದಲಿಸಿದರೆ ಆ 74ಎಚ್‌ಸಿ04 ಅಂಚಿನಲ್ಲಿ ತೂಗಾಡುತ್ತದೆ, ಮೋಟರ್ ದಿಕ್ಕು ಮನಸ್ಸಿಗೆ ಬಂದಂತೆ ಬದಲಾಗಬಹುದು. ಒಂದೋ ಪಿ0.1 ಓಪನ್ ಕಲೆಕ್ಟರ್ ಆಗಿಯೇ ಇರಲಿ, ಇಲ್ಲ ಚಿಪ್ ಅನ್ನು 74ಎಚ್‌ಸಿಟಿ04 ಮಾಡಿ. ಎಚ್‌ಸಿಟಿಗೆ 2 ವೋಲ್ಟ್ ಸಾಕು. ಒಂದು ಅಕ್ಷರದ ವ್ಯತ್ಯಾಸ, ಹುಡುಕುವುದಕ್ಕೆ ಮಾತ್ರ ಅರ್ಧ ದಿನ ಹೋಗುತ್ತದೆ.

ಕಡ್ಡಿಮುರಿ

ಇಷ್ಟೆಲ್ಲ ಯಾಕೆ? ಲಾಜಿಕ್ಕನ್ನೇ ತಿರುಗಿಸಿಬಿಡಿ. ಹೈ ಎಂದರೆ ನಿಲ್ಲು, ಲೋ ಎಂದರೆ ಓಡು. ಪುಲ್‌ಅಪ್ ತಾನಾಗಿಯೇ ಮೋಟರ್ ನಿಲ್ಲಿಸುತ್ತದೆ. 6008 ಇರುವವರಿಗೆ ಆಕ್ಟಿವ್ ಡ್ರೈವ್ ಇಲ್ಲವೇ ಇಲ್ಲ, ಅವರಿಗೆ ಇದೇ ದಾರಿ.

ಅರ್ಧಸೇತುವೆ

ಪವರ್ ಬರುವಾಗಿನ ಸಮಸ್ಯೆ ಅದರಿಂದ ತೀರುತ್ತದೆ. ಆದರೆ ಮೋಟರ್ ಓಡುವಾಗ ಯುಎಸ್‌ಬಿ ಕೇಬಲ್ ಕಳಚಿದರೆ? ಪುಲ್‌ಅಪ್‌ಗೆ ಕರೆಂಟ್ ಕೊಡುತ್ತಿದ್ದ ಬೋರ್ಡೇ ಸತ್ತಿತು, ಪಿನ್ ಲೋ ಕಡೆ ವಾಲುತ್ತದೆ, ಲೋ ಎಂದರೆ ಓಡು. ಕಂಪ್ಯೂಟರ್ ಸತ್ತರೆ ಮೋಟರ್ ನಿಲ್ಲಬೇಕು ಎಂಬುದು ಮೊದಲ ನಿಯಮ, ಇಲ್ಲಿ ಅದು ಉಲ್ಟಾ.

ಹೈ ಇರಲಿ ಲೋ ಇರಲಿ, ಒಂದು ನಿಂತ ಮಟ್ಟವನ್ನು ನಂಬುವುದೇ ತಪ್ಪು. ಬದಲಾವಣೆಯನ್ನು ನಂಬಬೇಕು. ಅದಕ್ಕೆ ವಾಚ್‌ಡಾಗ್ (ಪಿನ್ನಿನ ಮಿಡಿತ ನಿಂತರೆ ಮೋಟರ್ ನಿಲ್ಲಿಸುವ ಕಾವಲು), ಒಂದೆರಡು ಚಿಪ್ಪಿನ ಕೆಲಸ.

74ಎಚ್‌ಸಿಟಿ123 ಎನ್ನುವುದು ಮತ್ತೆ ಮತ್ತೆ ಟ್ರಿಗರ್ ಮಾಡಬಹುದಾದ ಮಾನೋಸ್ಟೇಬಲ್ (ಟ್ರಿಗರ್ ಆದ ಮೇಲೆ ಒಂದಷ್ಟು ಹೊತ್ತು ಮಾತ್ರ ಹೈ ಇರುವ ಚಿಪ್). ಅದರ ಅರ್ಧ ಭಾಗ ಸಾಕು. ಎ ಇನ್‌ಪುಟ್ ಗ್ರೌಂಡ್‌ಗೆ, ರೀಸೆಟ್ 5 ವೋಲ್ಟ್‌ಗೆ, ಬಿ ಇನ್‌ಪುಟ್‌ಗೆ ಪಿ0.2. ಪಲ್ಸ್ ಉದ್ದ ಸುಮಾರು 0.45 ಗುಣಿಲೆ ಆರ್ ಗುಣಿಲೆ ಸಿ. 100 ಕಿಲೋಓಮ್, 10 ಮೈಕ್ರೋಫ್ಯಾರಡ್ ಹಾಕಿದರೆ 0.45 ಸೆಕೆಂಡ್. ಕಂಟ್ರೋಲ್ ಲೂಪ್ 100 ಮಿಲಿಸೆಕೆಂಡ್‌ಗೊಮ್ಮೆ ಪಿ0.2 ಅನ್ನು ಮಗುಚಲಿ. ಏರುವ ಅಂಚು 200 ಮಿಲಿಸೆಕೆಂಡ್‌ಗೊಮ್ಮೆ ಬರುತ್ತದೆ, ಔಟ್‌ಪುಟ್ ಪಿನ್ ಕ್ಯೂ ಹೈ ಆಗಿಯೇ ಇರುತ್ತದೆ. ಪಿನ್ ಹೈನಲ್ಲಿ ಸಿಕ್ಕಲಿ, ಲೋನಲ್ಲಿ ಸಿಕ್ಕಲಿ, ಕೇಬಲ್ ಕಳಚಲಿ, ವಿಂಡೋಸ್ ನೀಲಿ ಪರದೆ ತೋರಿಸಲಿ, ಅರ್ಧ ಸೆಕೆಂಡಿನೊಳಗೆ ಕ್ಯೂ ಬೀಳುತ್ತದೆ.

ಕ್ಯೂ ಮತ್ತು ಪಿ0.0 ಎರಡನ್ನೂ 74ಎಚ್‌ಸಿಟಿ08 ಆಂಡ್ ಗೇಟಿಗೆ (ಎರಡೂ ಹೈ ಇದ್ದರೆ ಮಾತ್ರ ಹೈ) ಕೊಟ್ಟು, ಹೊರಬಂದದ್ದನ್ನು ಇಎನ್‌ಎಗೆ ಕೊಡಿ. ಎಚ್‌ಸಿಟಿ 0.8 ವೋಲ್ಟ್‌ಗಿಂತ ಕೆಳಗಿದ್ದರೆ ಮಾತ್ರ ಲೋ ಎನ್ನುತ್ತದೆ. ಹಾಗಾಗಿ ಪಿ0.0ಯ ಪುಲ್‌ಡೌನ್ 1 ಕಿಲೋಓಮ್ ಅಲ್ಲ, 680 ಓಮ್ ಆಗಬೇಕು: 0.63 ವೋಲ್ಟ್. ಈ ಎರಡು ಚಿಪ್‌ಗೂ 5 ವೋಲ್ಟ್ ಅನ್ನು ಎಲ್298ಎನ್ ಮಾಡ್ಯೂಲ್‌ನಿಂದಲೇ ತೆಗೆಯಿರಿ. ಡಿಎಕ್ಯುನಿಂದ ತೆಗೆದರೆ ಕಾವಲುಗಾರನೂ ಯಜಮಾನನ ಜೊತೆಗೇ ಸಾಯುತ್ತಾನೆ.

ಹಳದಿವೈರ್

ಇದಕ್ಕೆ ಸಾಫ್ಟ್‌ವೇರ್ ಕಡೆಯ ಷರತ್ತು: ಪಿ0.2 ಮಗುಚುವ ರೈಟ್ ಕಂಟ್ರೋಲ್ ಲೂಪಿನ ಒಳಗೇ ಇರಬೇಕು, ಅದೂ ರೀಡ್ ಮತ್ತು ಲೆಕ್ಕ ಮುಗಿದ ನಂತರ, ಅದೇ ಎರರ್ ವೈರ್ ಮೇಲೆ. ಅಚ್ಚುಕಟ್ಟಾಗಿರಲಿ ಎಂದು ಬೇರೆ ಲೂಪ್‌ಗೆ ಹಾಕಿದಿರೋ, ಕಂಟ್ರೋಲ್ ಲೂಪ್ ಟೈಮ್‌ಔಟ್‌ನಲ್ಲಿ ನೇತಾಡುತ್ತಿದ್ದರೂ ಹೃದಯಬಡಿತ ಮಾತ್ರ ಸೊಗಸಾಗಿ ನಡೆಯುತ್ತಿರುತ್ತದೆ. ಸೊನ್ನೆ ಬರೆಯುವ ರೈಟ್ ಎರರ್ ಬಂದರೂ ಓಡಬೇಕು, ಮಗುಚುವ ರೈಟ್ ಎರರ್ ಬಂದರೆ ಓಡಬಾರದು.

ಡಿಎಕ್ಯು ಅಸಿಸ್ಟೆಂಟ್ ಅನ್ನೂ ಬಿಡಿ. ರೈಟ್ ಕ್ಲಿಕ್ ಮಾಡಿ ಡಿಎಕ್ಯುಎಂಎಕ್ಸ್ ಕೋಡ್ ಆಗಿ ಒಡೆಯಿರಿ. ಕ್ರಿಯೇಟ್ ಚಾನೆಲ್, ಟೈಮಿಂಗ್, ಸ್ಟಾರ್ಟ್ ಲೂಪ್ ಹೊರಗೆ ಎಡಕ್ಕೆ, ರೀಡ್ ಮಾತ್ರ ಒಳಗೆ, ಸ್ಟಾಪ್ ಮತ್ತು ಕ್ಲಿಯರ್ ಬಲಕ್ಕೆ. ಎರಡು ಅನಲಾಗ್ ಚಾನೆಲ್‌ಗೂ ಒಂದೇ ಟಾಸ್ಕ್. ಬೇರೆ ಬೇರೆ ಟಾಸ್ಕ್ ಮಾಡಿದರೆ ಒಂದೇ ಎಡಿಸಿಗೆ (ವೋಲ್ಟೇಜನ್ನು ಸಂಖ್ಯೆ ಮಾಡುವ ಭಾಗ) ಇಬ್ಬರು ಜಗಳವಾಡಿ ಎರರ್ -50103 ಬರುತ್ತದೆ.

ನೆಲತಂತಿ

ಈಗ ಟೆಂಪರೇಚರ್. ಎಲ್‌ಎಂ35 ಬದಲಿಸಿದಿರಲ್ಲ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಲೆಕ್ಕ ನೋಡಿ. ಎಲ್‌ಎಂ35 ಕೊಡುವುದು ಡಿಗ್ರಿಗೆ 10 ಮಿಲಿವೋಲ್ಟ್. ಮೋಟರ್ 1 ಆಂಪಿಯರ್ ಎಳೆಯುತ್ತದೆ ಎನ್ನಿ. ಆ ಕರೆಂಟ್ ವಾಪಸು ಹೋಗುವ ಗ್ರೌಂಡ್ ವೈರ್‌ನ ಒಂದು ತುಂಡನ್ನು ಸೆನ್ಸರ್ ಗ್ರೌಂಡ್ ಕೂಡ ಹಂಚಿಕೊಂಡಿದ್ದು, ಆ ತುಂಡಿನ ರೆಸಿಸ್ಟೆನ್ಸ್ ಬರೀ 0.02 ಓಮ್ ಇದ್ದರೂ 20 ಮಿಲಿವೋಲ್ಟ್ ಆಯಿತು. ಅಂದರೆ 2 ಡಿಗ್ರಿ. ನಿಮ್ಮ ಪಿಡಬ್ಲ್ಯೂಎಂ ಹೈ ಇದ್ದಾಗ ಓದಿದರೆ ಒಂದು ಬೆಲೆ, ಲೋ ಇದ್ದಾಗ ಓದಿದರೆ ಇನ್ನೊಂದು.

ಬ್ರೆಡ್‌ಬೋರ್ಡ್‌ನ ನೀಲಿ ಪಟ್ಟಿಗೆ ಎಲ್ಲ ಗ್ರೌಂಡನ್ನೂ ಸಾಲಾಗಿ ಚುಚ್ಚಿದ್ದೀರಿ ಎಂದು ನನ್ನ ಊಹೆ. ಮೋಟರ್ ಕರೆಂಟ್ ಆ ಪಟ್ಟಿಯನ್ನು ಮುಟ್ಟಲೇಬಾರದು. ಪವರ್ ಸಪ್ಲೈ ಮೈನಸ್‌ನಿಂದ ದಪ್ಪ ವೈರ್ ನೇರ ಎಲ್298ಎನ್ ಗ್ರೌಂಡ್ ಸ್ಕ್ರೂಗೆ. ಅದೇ ಸ್ಕ್ರೂನಿಂದ ಒಂದೇ ಒಂದು ತೆಳು ವೈರ್ ಡಿಎಕ್ಯು ಗ್ರೌಂಡ್‌ಗೆ. ಸೆನ್ಸರ್ ಗ್ರೌಂಡ್‌ಗಳೆಲ್ಲ ಡಿಎಕ್ಯು ಕಡೆ. 6009ಕ್ಕೆ ಐಸೊಲೇಷನ್ ಇಲ್ಲ, ಅದರ ಗ್ರೌಂಡ್ ಎಂದರೆ ಕಂಪ್ಯೂಟರ್ ಗ್ರೌಂಡ್. ದಪ್ಪ ವೈರ್ ಸಡಿಲವಾದರೆ ಮೋಟರ್ ಕರೆಂಟ್ ಯುಎಸ್‌ಬಿ ಕೇಬಲ್ ಮೂಲಕ ದಾರಿ ಹುಡುಕುತ್ತದೆ. ಆ ಸ್ಕ್ರೂವನ್ನು ಬಿಗಿಯಾಗಿ ತಿರುಗಿಸಿ.

ಎರಡನೆಯದು, ಆರ್‌ಎಸ್‌ಇ ಬಿಟ್ಟು ಡಿಫರೆನ್ಷಿಯಲ್‌ಗೆ (ಎರಡು ಪಿನ್ ನಡುವಿನ ವ್ಯತ್ಯಾಸ ಅಳೆಯುವುದು) ಬನ್ನಿ. 6009 ಆರ್‌ಎಸ್‌ಇಯಲ್ಲಿ ±10 ವೋಲ್ಟ್ ಒಂದೇ ರೇಂಜ್, 13 ಬಿಟ್. 20 ಅನ್ನು 8192ರಿಂದ ಭಾಗಿಸಿ: ಒಂದು ಹೆಜ್ಜೆ 2.44 ಮಿಲಿವೋಲ್ಟ್, ಸುಮಾರು ಕಾಲು ಡಿಗ್ರಿ. ಡಿಫರೆನ್ಷಿಯಲ್‌ನಲ್ಲಿ 14 ಬಿಟ್, ±1 ವೋಲ್ಟ್ ರೇಂಜ್ ಸಿಗುತ್ತದೆ. ಹೆಜ್ಜೆ 0.122 ಮಿಲಿವೋಲ್ಟ್. ಮಿನಿಮಮ್ -1, ಮ್ಯಾಕ್ಸಿಮಮ್ 1 ಎಂದು ಚಾನೆಲ್‌ನಲ್ಲಿ ಬರೆಯದಿದ್ದರೆ ಈ ಲಾಭ ಸಿಗುವುದಿಲ್ಲ. ಎಲ್‌ಎಂ35 ಔಟ್‌ಪುಟ್ ಟರ್ಮಿನಲ್ 2ಕ್ಕೆ, ಸೆನ್ಸರ್ ಕಾಲಿನ ಬುಡದಿಂದಲೇ ತಂದ ಗ್ರೌಂಡ್ ವೈರ್ ಟರ್ಮಿನಲ್ 3ಕ್ಕೆ, ಎರಡನ್ನೂ ಹೆಣೆದು ತನ್ನಿ. ಟರ್ಮಿನಲ್ 1 ಗ್ರೌಂಡ್, ಸೆನ್ಸರ್‌ನ ಸಪ್ಲೈ ವಾಪಸು ಅಲ್ಲಿಗೆ. ಡಿಫರೆನ್ಷಿಯಲ್‌ನಲ್ಲಿ ಎಐ0ಗೆ ಜೋಡಿ ಎಐ4, ಎಐ1ಕ್ಕೆ ಎಐ5. ಆ ಜೋಡಿಗಳಲ್ಲಿ ಬೇರೇನನ್ನೂ ಕಟ್ಟಬೇಡಿ.

ಕೇಬಲ್ ಉದ್ದವಾದರೆ ಎಲ್‌ಎಂ35 ತಾನೇ ಆಂದೋಲನಕ್ಕೆ ಬೀಳುತ್ತದೆ. ಅದು ತಡೆಯುವ ಕೆಪಾಸಿಟೆನ್ಸ್ 50 ಪಿಕೋಫ್ಯಾರಡ್ ಮಾತ್ರ. ಔಟ್‌ಪುಟ್‌ನಿಂದ ಗ್ರೌಂಡ್‌ಗೆ 75 ಓಮ್ ಮತ್ತು 1 ಮೈಕ್ರೋಫ್ಯಾರಡ್ ಅನ್ನು ಸರಣಿಯಲ್ಲಿ, ಸೆನ್ಸರ್ ಹತ್ತಿರವೇ ಹಾಕಿ.

ಗುರುತಿಗೊಂದು: 6009ರ ಇನ್‌ಪುಟ್ ಖಾಲಿ ಬಿಟ್ಟರೆ ಆರ್‌ಎಸ್‌ಇಯಲ್ಲಿ ಸೊನ್ನೆ ಅಲ್ಲ, 1.4 ವೋಲ್ಟ್ ತೋರಿಸುತ್ತದೆ. ಎಲ್‌ಎಂ35 ಲೆಕ್ಕದಲ್ಲಿ ಅದು 140 ಡಿಗ್ರಿ. ಪರದೆಯಲ್ಲಿ 140 ಕಂಡರೆ ಮೋಟರ್ ಸುಡುತ್ತಿಲ್ಲ, ವೈರ್ ಕಳಚಿದೆ.

ತಿರುಗಣೆ

ಪಾಟ್ ಕೂಡ ಡಿಫರೆನ್ಷಿಯಲ್ ಮಾಡಬೇಕೇ? ಮಧ್ಯಕ್ಕೆ ತಿರುಗಿಸಿದರೆ 2.5 ವೋಲ್ಟ್ ಬದಲು ಸ್ವಲ್ಪ ಕಡಿಮೆ ತೋರಿಸುತ್ತದೆ.

ನೆಲತಂತಿ

ಅದು ಬೇರೆ ರೋಗ. 6009ರ ಇನ್‌ಪುಟ್ ಇಂಪೆಡೆನ್ಸ್ 144 ಕಿಲೋಓಮ್ ಅಷ್ಟೇ. 10 ಕಿಲೋಓಮ್ ಪಾಟ್ ಮಧ್ಯದಲ್ಲಿ 2.5 ಕಿಲೋಓಮ್ ಮೂಲದಂತೆ ಕಾಣುತ್ತದೆ. ಹಂಚಿಕೆಯಲ್ಲಿ ಶೇ 1.7ರ ಲೆಕ್ಕದಲ್ಲಿ ರೀಡಿಂಗ್ 1.4 ವೋಲ್ಟ್ ಕಡೆಗೆ ಎಳೆದುಹೋಗುತ್ತದೆ, 2.5 ಇದ್ದದ್ದು 2.48 ಆಗುತ್ತದೆ. ಎರಡು ತುದಿಯಲ್ಲಿ ಸರಿ, ನಡುವೆ ತಪ್ಪು. 1 ಕಿಲೋಓಮ್ ಪಾಟ್ ಹಾಕಿದರೆ ದೋಷ ಹತ್ತನೇ ಒಂದು ಪಾಲು. ಇಲ್ಲವೇ ಎಂಸಿಪಿ6002 ಬಫರ್ (ಪಾಟ್‌ಗೆ ಹೊರೆಯಾಗದೆ ವೋಲ್ಟೇಜ್ ದಾಟಿಸುವ ಚಿಪ್). ಎಲ್‌ಎಂ358 ಬೇಡ, 5 ವೋಲ್ಟ್ ಸಪ್ಲೈನಲ್ಲಿ ಅದರ ಔಟ್‌ಪುಟ್ 3.5 ವೋಲ್ಟ್ ಸುತ್ತಮುತ್ತಲೇ ನಿಂತುಬಿಡುತ್ತದೆ.

ಎಣಿಕೆಗಾರ

ವೇಗದ 16ರ ಹೆಜ್ಜೆಗೆ ನಾನು ಬರುತ್ತೇನೆ. 6009ರ ಕೌಂಟರ್ ಬೀಳುವ ಅಂಚನ್ನು ಎಣಿಸುತ್ತದೆ, ಬೇರೇನೂ ಗೊತ್ತಿಲ್ಲ. ದಿಕ್ಕೂ ಗೊತ್ತಿಲ್ಲ. ಹೊರಗಿನ ಶಾಫ್ಟ್ ಒಂದು ಸುತ್ತಿಗೆ 11 ಗುಣಿಲೆ 34, ಅಂದರೆ 374 ಎಣಿಕೆ. 10 ಮಿಲಿಸೆಕೆಂಡ್‌ಗೊಮ್ಮೆ ಓದಿದರೆ ಒಂದು ಎಣಿಕೆ ಹೆಚ್ಚುಕಡಿಮೆ ಆಗುವುದು ಎಂದರೆ ಸೆಕೆಂಡಿಗೆ 100 ಎಣಿಕೆ. 374ರಿಂದ ಭಾಗಿಸಿ 60ರಿಂದ ಗುಣಿಸಿ: ನಿಮಿಷಕ್ಕೆ 16 ಸುತ್ತು. ನಿಮ್ಮ ಹೆಜ್ಜೆ ಅದೇ. ಮೋಟರ್ ನಿಜಕ್ಕೂ ಜಿಗಿಯುತ್ತಿಲ್ಲ.

ಕಿಟಕಿಯನ್ನು 100 ಮಿಲಿಸೆಕೆಂಡ್‌ಗೆ ಹಿಗ್ಗಿಸಿ, ಹೆಜ್ಜೆ 1.6ಕ್ಕೆ ಇಳಿಯುತ್ತದೆ. ಆದರೆ 100 ಎಂದು ಸ್ಥಿರಾಂಕ ಬರೆಯಬೇಡಿ. ವಿಂಡೋಸ್‌ನಲ್ಲಿ ಆ ಲೂಪ್ 103ಕ್ಕೂ ಹೋಗುತ್ತದೆ, ವೇಗ ಶೇ 3 ತಪ್ಪುತ್ತದೆ. ಹೈ ರೆಸಲ್ಯೂಷನ್ ರಿಲೇಟಿವ್ ಸೆಕೆಂಡ್ಸ್ ವಿಐ ಇಟ್ಟು, ಹಿಂದಿನ ಬೆಲೆಯನ್ನು ಶಿಫ್ಟ್ ರಿಜಿಸ್ಟರ್‌ನಲ್ಲಿ ಉಳಿಸಿ, ನಿಜವಾಗಿ ಕಳೆದ ಸಮಯದಿಂದಲೇ ಭಾಗಿಸಿ.

ಎಣಿಕೆ ಇದ್ದಕ್ಕಿದ್ದಂತೆ ಹೆಚ್ಚು ಬಂದರೆ ಮೋಟರ್ ಬ್ರಷ್‌ನ ಕಿಡಿ ಪಿಎಫ್‌ಐ0ಗೆ ಹಾರಿದೆ ಎಂದು ತಿಳಿಯಿರಿ. ಈ ಕೌಂಟರ್ 5 ಮೆಗಾಹರ್ಟ್ಸ್‌ವರೆಗೂ ಎಣಿಸುತ್ತದೆ, ಸಣ್ಣ ಮುಳ್ಳನ್ನೂ ಬಿಡುವುದಿಲ್ಲ. ಮೋಟರ್ ಟರ್ಮಿನಲ್‌ಗಳ ನಡುವೆ 100 ನ್ಯಾನೋಫ್ಯಾರಡ್ ಸೆರಾಮಿಕ್ ಬೆಸುಗೆ ಹಾಕಿ. ಎನ್‌ಕೋಡರ್ ಲೈನ್‌ಗೆ 1 ಕಿಲೋಓಮ್, 10 ನ್ಯಾನೋಫ್ಯಾರಡ್, ಆಮೇಲೆ ಸ್ಮಿಟ್ ಟ್ರಿಗರ್ 74ಎಚ್‌ಸಿ14. ನಿಮಿಷಕ್ಕೆ 300 ಸುತ್ತಿನಲ್ಲೂ ನಿಮ್ಮ ಸಿಗ್ನಲ್ 1870 ಹರ್ಟ್ಸ್. 10 ಮೈಕ್ರೋಸೆಕೆಂಡ್ ಫಿಲ್ಟರ್ ಅದಕ್ಕೆ ಏನೂ ಮಾಡದು.

ಕಡ್ಡಿಮುರಿ

ಪಿಡಬ್ಲ್ಯೂಎಂ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. 7 ಮಿಲಿಸೆಕೆಂಡ್ ಹೈ, 3 ಲೋ ಅಂದರೆ 100 ಹರ್ಟ್ಸ್. ಮೋಟರ್ ಗಡಗಡ ಎನ್ನುತ್ತಿರಬೇಕು.

ಅರ್ಧಸೇತುವೆ

ಸಾಫ್ಟ್‌ವೇರ್ ಪಿಡಬ್ಲ್ಯೂಎಂ ಅನ್ನು ತೆಗೆಯಲೇಬೇಕು. ಯುಎಸ್‌ಬಿ ಮೇಲೆ ಒಂದು ಪಿನ್ ಬರೆಯುವುದಕ್ಕೇ ಮಿಲಿಸೆಕೆಂಡಿನ ಆಸುಪಾಸು ಹೋಗುತ್ತದೆ, ಅದೂ ಪ್ರತಿ ಸಲ ಬೇರೆ ಬೇರೆ. 7 ಎಂದದ್ದು ಒಮ್ಮೆ 7, ಒಮ್ಮೆ 9. 6009ರಲ್ಲಿ ಹಾರ್ಡ್‌ವೇರ್ ಪಿಡಬ್ಲ್ಯೂಎಂ ಇಲ್ಲ. ಇರುವುದು ಎರಡು ಅನಲಾಗ್ ಔಟ್‌ಪುಟ್: 0ರಿಂದ 5 ವೋಲ್ಟ್, 12 ಬಿಟ್, ಸೆಕೆಂಡಿಗೆ 150 ಅಪ್‌ಡೇಟ್, 5 ಮಿಲಿಆಂಪ್. ವೇಗ ಹೇಳುವುದಕ್ಕೆ ಅಷ್ಟು ಧಾರಾಳ ಸಾಕು.

ಎಒ0 ಅನ್ನು ಆರ್ಡುಯಿನೋ ಯುನೋದ ಎ0ಗೆ ಕೊಡಿ, ಅದು ಆ ವೋಲ್ಟೇಜ್ ಓದಿ ಪಿನ್ 9ರಲ್ಲಿ ಪಿಡಬ್ಲ್ಯೂಎಂ ಮಾಡಲಿ. ಅನಲಾಗ್‌ರೈಟ್ ಅನ್ನು ಹಾಗೇ ಬಳಸಿದರೆ 490 ಹರ್ಟ್ಸ್, ಮೋಟರ್ ಕೀರಲು ದನಿಯಲ್ಲಿ ಹಾಡುತ್ತದೆ. ಟೈಮರ್ 1 ಅನ್ನು ಫೇಸ್ ಕರೆಕ್ಟ್ ಮೋಡ್‌ಗೆ ಹಾಕಿ ಐಸಿಆರ್1ಕ್ಕೆ 400 ಬರೆಯಿರಿ: 16 ಮೆಗಾಹರ್ಟ್ಸ್ ಭಾಗಿಸು 800, ಸರಿಯಾಗಿ 20 ಕಿಲೋಹರ್ಟ್ಸ್, ಕಿವಿಗೆ ಕೇಳಿಸದು. ಈ ಪಿಡಬ್ಲ್ಯೂಎಂ ಅನ್ನು ಎರಡನೇ ಆಂಡ್ ಗೇಟ್‌ನಲ್ಲಿ, ಮೊದಲ ಗೇಟಿನಿಂದ ಬಂದ ವಾಚ್‌ಡಾಗ್ ಸಾಲಿನ ಜೊತೆ ಸೇರಿಸಿ ಇಎನ್‌ಎಗೆ ಬಿಡಿ.

ಎಲ್298 ಹಳೆಯ ಬೈಪೋಲಾರ್ ಚಿಪ್. 1 ಆಂಪಿಯರ್‌ನಲ್ಲಿ ತಾನೇ 1.8ರಿಂದ 3.2 ವೋಲ್ಟ್ ನುಂಗುತ್ತದೆ, 12 ಕೊಟ್ಟರೆ ಮೋಟರ್‌ಗೆ ತಲುಪುವುದು 9 ಚಿಲ್ಲರೆ, 10. 20 ಕಿಲೋಹರ್ಟ್ಸ್‌ನಲ್ಲಿ ಅತಿ ಕಿರಿದಾದ ಪಲ್ಸ್‌ಗಳನ್ನು ನುಂಗಿಹಾಕುವುದೂ ಉಂಟು, ಕೆಳ ವೇಗದಲ್ಲಿ ಮೋಟರ್ ಏಳುವುದೇ ಇಲ್ಲ. ಟಿಬಿ6612ಎಫ್‌ಎನ್‌ಜಿ ಮಾಸ್‌ಫೆಟ್ ಡ್ರೈವರ್ ತಣ್ಣಗಿರುತ್ತದೆ, ಆದರೆ ನಿರಂತರ 1.2 ಆಂಪಿಯರ್ ಮಾತ್ರ. ಕೊಳ್ಳುವ ಮುಂಚೆ ಮೋಟರ್ ತಂತಿಗಳ ನಡುವೆ ಓಮ್ ಅಳೆಯಿರಿ. 4 ಓಮ್ ಬಂದರೆ ಸಿಕ್ಕಿನಿಂತಾಗ 3 ಆಂಪಿಯರ್. ಓಡುವಾಗಲೇ ದಿಕ್ಕು ಬದಲಿಸಿದರೆ ಹೆಚ್ಚುಕಡಿಮೆ ಅದರ ಎರಡರಷ್ಟು, ಯಾಕೆಂದರೆ ತಿರುಗುವ ಮೋಟರ್‌ನ ಬ್ಯಾಕ್ ಇಎಂಎಫ್ (ಅದೇ ಹುಟ್ಟಿಸುವ ವೋಲ್ಟೇಜ್) ಆಗ ಸಪ್ಲೈ ಜೊತೆ ಕೂಡಿಕೊಳ್ಳುತ್ತದೆ. ಪ್ರೋಗ್ರಾಂನಲ್ಲಿ ಮೊದಲು ಸೊನ್ನೆಗೆ ಇಳಿಸಿ, ಎಣಿಕೆ ನಿಂತದ್ದು ನೋಡಿ, ಆಮೇಲೆ ಪಿ0.1 ಮಗುಚಿ.

ಕಡ್ಡಿಮುರಿ

ಆರ್ಡುಯಿನೋ ಬಂದ ಮೇಲೆ ಡಿಎಕ್ಯು ಯಾಕೆ ಸ್ವಾಮಿ? ಎನ್‌ಕೋಡರನ್ನೂ ಅದಕ್ಕೇ ಕೊಟ್ಟು ಸೀರಿಯಲ್‌ನಲ್ಲಿ ಕಂಪ್ಯೂಟರ್‌ಗೆ ತನ್ನಿ.

ಎಣಿಕೆಗಾರ

ಮೋಟರ್ ತಿರುಗಿಸುವುದೊಂದೇ ಗುರಿಯಾದರೆ ನಿಮ್ಮ ಮಾತು ಖರೆ. ಅಳೆಯುವುದೂ ಗುರಿಯಾದರೆ, ಒಂದೇ ಕ್ಲಾಕ್ ಮೇಲೆ ಹಲವು ಚಾನೆಲ್, ಗೊತ್ತಿರುವ ರೇಂಜ್, ಗೊತ್ತಿರುವ ದೋಷ ಬೇಕು, ಅದಕ್ಕೆ ಡಿಎಕ್ಯು.

ಎರಡೂ ಒಂದೇ ಪೆಟ್ಟಿಗೆಯಲ್ಲಿ ಬೇಕೆಂದರೆ ಯುಎಸ್‌ಬಿ-6211 ಥರದ್ದು ನೋಡಿ. 16 ಬಿಟ್, ಸೆಕೆಂಡಿಗೆ 2,50,000 ಸ್ಯಾಂಪಲ್, 32 ಬಿಟ್‌ನ ಎರಡು ಕೌಂಟರ್, 80 ಮೆಗಾಹರ್ಟ್ಸ್ ಟೈಮ್‌ಬೇಸ್. ಒಂದು ಕೌಂಟರ್ ಪಿಡಬ್ಲ್ಯೂಎಂಗೆ: 20 ಕಿಲೋಹರ್ಟ್ಸ್‌ಗೆ 4000 ಟಿಕ್, ಡ್ಯೂಟಿ ಶೇ 0.025ರ ಹೆಜ್ಜೆಯಲ್ಲಿ ಬದಲಾಗುತ್ತದೆ. ಇನ್ನೊಂದು ಎನ್‌ಕೋಡರ್‌ಗೆ: ಎಕ್ಸ್4 ಡಿಕೋಡಿಂಗ್‌ನಲ್ಲಿ (ಎ, ಬಿ ಎರಡರ ಎಲ್ಲ ಅಂಚನ್ನೂ ಎಣಿಸುವುದು) ಸುತ್ತಿಗೆ 1496 ಎಣಿಕೆ, ದಿಕ್ಕಿನ ಸಮೇತ. ಎ ಯಾವ ಪಿಎಫ್‌ಐ, ಬಿ ಯಾವ ಪಿಎಫ್‌ಐ ಎಂದು ಚಾನೆಲ್ ಪ್ರಾಪರ್ಟಿಯಲ್ಲಿ ನೀವೇ ಬರೆಯಿರಿ. ಡಿಜಿಟಲ್ ಫಿಲ್ಟರ್ 6.425 ಮೈಕ್ರೋಸೆಕೆಂಡ್‌ಗೆ ಇಟ್ಟರೆ ಕಿಡಿಯ ಮುಳ್ಳು ಬಹುಪಾಲು ಅಲ್ಲೇ ಸಾಯುತ್ತದೆ.

ಅಲ್ಲೂ ಎರಡು ಗುಂಡಿ ಇವೆ. ಕೌಂಟರ್‌ಗೆ ಡ್ಯೂಟಿ 0 ಅಥವಾ 1 ಬರೆದರೆ ಎರರ್, ಹೈಗೂ ಲೋಗೂ ಕನಿಷ್ಠ 2 ಟಿಕ್ ಬೇಕು. ನಿಲ್ಲಿಸಲು ಬೇರೆ ಎನೇಬಲ್ ಪಿನ್ ಇರಲೇಬೇಕು. ಮತ್ತೆ, ವಿಂಡೋಸ್ ಹೆಪ್ಪುಗಟ್ಟಿದರೂ ಹಾರ್ಡ್‌ವೇರ್ ಪಿಡಬ್ಲ್ಯೂಎಂ ನಿಲ್ಲದೆ ಹೋಗುತ್ತಲೇ ಇರುತ್ತದೆ. ವಾಚ್‌ಡಾಗ್ ಅಲ್ಲಿ ಇನ್ನೂ ಹೆಚ್ಚು ಬೇಕು.

ತಿರುಗಣೆ

ಗ್ರೌಂಡ್ ಬೇರೆ ಮಾಡಿದೆ, ಡಿಫರೆನ್ಷಿಯಲ್ ±1 ವೋಲ್ಟ್. ಆರ್ಡುಯಿನೋ 20 ಕಿಲೋಹರ್ಟ್ಸ್. ಟೆಂಪರೇಚರ್ ಹಾರಾಟ 0.3 ಡಿಗ್ರಿಗೆ ಇಳಿಯಿತು. ನೀಲಿ ಪಟ್ಟಿಯ ಊಹೆ ನಿಜ! ಈಗ ಪಿಐಡಿ (ಬೇಕಾದ ವೇಗಕ್ಕೂ ಇರುವ ವೇಗಕ್ಕೂ ಅಂತರ ನೋಡಿ ತಿದ್ದುವ ಲೆಕ್ಕ) ಹಾಕಿದ್ದೇನೆ. ಸೆಟ್‌ಪಾಯಿಂಟ್ 200 ಕೊಟ್ಟರೆ 170ಕ್ಕೆ ಹೋಗಿ ನಿಂತು, ಅರ್ಧ ನಿಮಿಷದ ಮೇಲೆ ತೆವಳಿಕೊಂಡು 200 ಮುಟ್ಟುತ್ತದೆ. ಟಿಐ (ಇಂಟೆಗ್ರಲ್ ಸಮಯ) 0.5 ಸೆಕೆಂಡ್ ಇಟ್ಟಿದ್ದೇನೆ. ಇನ್ನೊಂದು, ನಡುನಡುವೆ ಎರರ್ -200279 ಬರುತ್ತದೆ.

ಹಳದಿವೈರ್

ಲ್ಯಾಬ್‌ವ್ಯೂ ಪಿಐಡಿ ವಿಐನಲ್ಲಿ ಟಿಐ, ಟಿಡಿ (ಡೆರಿವೇಟಿವ್ ಸಮಯ) ಎರಡೂ ನಿಮಿಷದಲ್ಲಿ. ಡಿಟಿ (ಲೂಪ್ ಅವಧಿ) ಮಾತ್ರ ಸೆಕೆಂಡಿನಲ್ಲಿ. ನೀವು ಕೊಟ್ಟ 0.5 ಎಂದರೆ 30 ಸೆಕೆಂಡ್, ಅದಕ್ಕೇ ಅರ್ಧ ನಿಮಿಷದ ತೆವಳಾಟ. 0.5 ಸೆಕೆಂಡ್ ಬೇಕಾದರೆ 0.0083 ಬರೆಯಿರಿ. ಔಟ್‌ಪುಟ್ ರೇಂಜ್ ಮುಟ್ಟದಿದ್ದರೆ -100ರಿಂದ 100. ನಿಮ್ಮ ಎಒಗೆ 0ರಿಂದ 5 ಕೊಡಿ. ಇಲ್ಲದಿದ್ದರೆ ಪಿಐಡಿ 100ರವರೆಗೂ ಜಾಗ ಇದೆ ಎಂದುಕೊಂಡು ಇಂಟೆಗ್ರಲ್ ಅನ್ನು ಬೆಳೆಸುತ್ತಲೇ ಹೋಗುತ್ತದೆ.

-200279 ಎಂದರೆ ನೀವು ಓದುವ ಮುನ್ನವೇ ಬಫರ್‌ನ ಹಳೆಯ ಸ್ಯಾಂಪಲ್ ಮೇಲೆ ಹೊಸದು ಬಂದು ಕೂತಿತು. ಲೂಪ್ ನಿಧಾನ. ಸ್ಯಾಂಪಲ್ ರೇಟ್ ಚಾನೆಲ್‌ಗೆ 5000 ಇಡಿ, ಎರಡು ಚಾನೆಲ್ ಸೇರಿ 10,000. 6009ರ 48,000 ಎಂಬುದು ಎಲ್ಲ ಚಾನೆಲ್ ಸೇರಿದ ಮೊತ್ತ. ರೀಡ್‌ಗೆ 500 ಸ್ಯಾಂಪಲ್ ಕೇಳಿ. ಸರಿಯಾಗಿ 100 ಮಿಲಿಸೆಕೆಂಡ್ ಆಗುತ್ತದೆ, ರೀಡೇ ಲೂಪಿನ ಗಡಿಯಾರ, ವೇಟ್ ಇಟ್ಟಿದ್ದರೆ ತೆಗೆಯಿರಿ. 500ರ ಸರಾಸರಿ ತೆಗೆದರೆ ಮೇನ್ಸ್ ಗುಂಯ್‌ಗುಟ್ಟುವಿಕೆಯೂ ಹೋಗುತ್ತದೆ, 100 ಮಿಲಿಸೆಕೆಂಡಿನಲ್ಲಿ 50 ಹರ್ಟ್ಸ್‌ನ 5 ಸುತ್ತು, 60 ಹರ್ಟ್ಸ್‌ನ 6 ಸುತ್ತು ಪೂರ್ತಿ ಕೂರುತ್ತವೆ. ಫೈಲ್ ಬರೆಯುವುದು, ಗ್ರಾಫ್ ಬಿಡಿಸುವುದು ಈ ಲೂಪ್‌ನಲ್ಲಿ ಬೇಡ. ಲ್ಯಾಬ್‌ವ್ಯೂ ಕ್ಯೂಗೆ (ಡೇಟಾ ಕಾಯುವ ಸಾಲು) ಹಾಕಿ, ಇನ್ನೊಂದು ಲೂಪ್ ಎತ್ತಿಕೊಳ್ಳಲಿ.

ನೆಲತಂತಿ

ಉಳಿದ 0.3 ಡಿಗ್ರಿಗೆ ಒಂದು ಮಾತು. 20 ಕಿಲೋಹರ್ಟ್ಸ್ ಕಿವಿಗೆ ಕೇಳಿಸದಿದ್ದರೂ ಎಡಿಸಿಗೆ ಕೇಳಿಸುತ್ತದೆ. 5000ದ ರೇಟ್‌ಗೆ 20,000 ಸರಿಯಾಗಿ ನಾಲ್ಕರಷ್ಟು, ಪಿಡಬ್ಲ್ಯೂಎಂನ ಶೇಷ ಮಡಚಿಕೊಂಡು ಸೊನ್ನೆ ಹರ್ಟ್ಸ್ ಹತ್ತಿರ ಬಂದು ಕೂರುತ್ತದೆ. ಎರಡು ಕ್ಲಾಕ್‌ಗಳ ನಡುವಿನ ಅಲ್ಪ ವ್ಯತ್ಯಾಸದಿಂದ ನಿಧಾನವಾಗಿ ಏರಿಳಿಯುವ ಅಲೆಯಾಗಿ ಕಾಣುತ್ತದೆ, ನಿಜವಾದ ಟೆಂಪರೇಚರ್ ಎಂದೇ ಅನಿಸುತ್ತದೆ. ಸರಾಸರಿಯಿಂದ ಇದು ಹೋಗುವುದಿಲ್ಲ, ಒಳಗೆ ಬರುವ ಮೊದಲೇ ತಡೆಯಬೇಕು. ಡಿಎಕ್ಯು ಟರ್ಮಿನಲ್ ಬುಡದಲ್ಲಿ 1 ಕಿಲೋಓಮ್ ಸರಣಿ, 2 ಮತ್ತು 3ರ ನಡುವೆ 1 ಮೈಕ್ರೋಫ್ಯಾರಡ್: 159 ಹರ್ಟ್ಸ್‌ಗೆ ಕತ್ತರಿ. ಆದರೆ ಆ 1 ಕಿಲೋಓಮ್ ಮತ್ತು ಒಳಗಿನ ಇಂಪೆಡೆನ್ಸ್ ಸೇರಿ ಸ್ವಲ್ಪ ದೋಷ ತರುತ್ತವೆ. ಪಾಟ್‌ನಲ್ಲಿ ನೋಡಿದ ಅದೇ ಕಥೆ, ಅದೇ 1.4 ವೋಲ್ಟ್ ಕಡೆ ಎಳೆತ, ಡಿಗ್ರಿ ಹತ್ತಿರ ಹೋಗುತ್ತದೆ. ಫಿಲ್ಟರ್ ಹಾಕಿದ ಮೇಲೆ ಕರಗುವ ಮಂಜುಗಡ್ಡೆ ನೀರಲ್ಲೊಮ್ಮೆ, ಗೊತ್ತಿರುವ ಬಿಸಿನೀರಲ್ಲೊಮ್ಮೆ ಅದ್ದಿ ಎರಡು ಬಿಂದುವಿನ ಕ್ಯಾಲಿಬ್ರೇಷನ್ ಮಾಡಿ. ಎಲ್‌ಎಂ35 ಕಾಲುಗಳಿಗೆ ನೀರು ತಾಗದಂತೆ ಹೀಟ್ ಶ್ರಿಂಕ್ ಮತ್ತು ಎಪಾಕ್ಸಿ ಹಾಕಿರಿ.

ತಿರುಗಣೆ

ಪಿಐಡಿ ಸರಿಯಾಯಿತು, ಒಂದೂವರೆ ಸೆಕೆಂಡಿನಲ್ಲಿ 200 ಮುಟ್ಟುತ್ತದೆ. ವಾಚ್‌ಡಾಗ್ ಕಟ್ಟಿದ್ದೇನೆ. ನಿಜವಾಗಿ ಕೆಲಸ ಮಾಡುತ್ತದೆ ಎಂದು ಹೇಗೆ ಪರೀಕ್ಷಿಸುವುದು?

ಅರ್ಧಸೇತುವೆ

ಮೊದಲು ಮೋಟರ್ ಕಳಚಿ, ಅದರ ಜಾಗಕ್ಕೆ 12 ವೋಲ್ಟ್ ಬಲ್ಬ್ ಹಾಕಿ. ಪ್ರೋಗ್ರಾಂ ಓಡುವಾಗ ಕ್ರಮವಾಗಿ ಇವನ್ನು ಮಾಡಿ: ಟಾಸ್ಕ್ ಮ್ಯಾನೇಜರ್‌ನಿಂದ ಲ್ಯಾಬ್‌ವ್ಯೂ ಕೊಲ್ಲಿ. ಯುಎಸ್‌ಬಿ ಕೇಬಲ್ ಕೀಳಿ. ರೀಡ್‌ಗೆ ಬೇಕೆಂದೇ 1,00,000 ಸ್ಯಾಂಪಲ್ ಕೇಳಿ ಲೂಪನ್ನು ಟೈಮ್‌ಔಟ್‌ಗೆ ತಳ್ಳಿ, -200284 ಬರಬೇಕು. ಲ್ಯಾಪ್‌ಟಾಪ್ ಮುಚ್ಚಳ ಮುಚ್ಚಿ ಸ್ಲೀಪ್‌ಗೆ ಕಳಿಸಿ. ಪ್ರತಿ ಸಲವೂ ಬಲ್ಬ್ ಅರ್ಧ ಸೆಕೆಂಡಿನೊಳಗೆ ಆರಬೇಕು. ಕೇಬಲ್ ವಾಪಸು ಚುಚ್ಚಿದಾಗ ಪಿ0.2ರ ಪುಲ್‌ಅಪ್ ಒಂದು ಅಂಚು ಕೊಟ್ಟು ಕ್ಯೂ ಅರ್ಧ ಸೆಕೆಂಡ್ ಏಳುತ್ತದೆ. ಆಗಲೂ ಬಲ್ಬ್ ಮಿಣುಕಬಾರದು. ಮಿಣುಕಿದರೆ ಪಿ0.0ಯ 680 ಓಮ್ ಸರಿಯಾಗಿ ಕೂತಿಲ್ಲ.

ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ. ಕೊನೆಗೆ ಎಮರ್ಜೆನ್ಸಿ ಸ್ಟಾಪ್ ಬಟನ್: ಅದರ ನಾರ್ಮಲಿ ಕ್ಲೋಸ್ಡ್ ಕಾಂಟ್ಯಾಕ್ಟ್ 12 ವೋಲ್ಟ್ ಪ್ಲಸ್ ವೈರ್‌ನಲ್ಲೇ ಸರಣಿಯಾಗಿ ಇರಬೇಕು. ಡಿಎಕ್ಯುನ ಡಿಜಿಟಲ್ ಇನ್‌ಪುಟ್‌ಗೆ ಕೊಟ್ಟು ಸಾಫ್ಟ್‌ವೇರ್‌ನಲ್ಲಿ ಓದುವ ಬಟನ್ ಎಮರ್ಜೆನ್ಸಿ ಸ್ಟಾಪ್ ಅಲ್ಲ. ಕಾಂಟ್ಯಾಕ್ಟ್ ಡಿಸಿಗೆ ಎಷ್ಟು ಆಂಪಿಯರ್ ತಡೆಯುತ್ತದೆ ನೋಡಿ, ಎಸಿಗೆ ಬರೆದಿರುವ ಸಂಖ್ಯೆ ಡಿಸಿಗೆ ಲೆಕ್ಕಕ್ಕಿಲ್ಲ.

ತಿರುಗಣೆ

ಬಲ್ಬ್ ಪರೀಕ್ಷೆ ನಾಲ್ಕರಲ್ಲಿ ಮೂರು ಪಾಸ್. ಟೈಮ್‌ಔಟ್ ಪರೀಕ್ಷೆಯಲ್ಲಿ ಬಲ್ಬ್ ಆರಲಿಲ್ಲ. ಪಿ0.2 ಮಗುಚುವ ರೈಟ್‌ಗೆ ಎರರ್ ವೈರ್ ಕೊಟ್ಟಿರಲಿಲ್ಲ, ಅದನ್ನು ಬೇರೆ ಚಿಕ್ಕ ಲೂಪ್‌ನಲ್ಲಿ ಇಟ್ಟುಬಿಟ್ಟಿದ್ದೆ. ಒಳಗೆ ತಂದೆ, ರೀಡ್ ನಂತರ. ಈಗ ಆರುತ್ತದೆ.